ಹೂಂಗುಟ್ಟಿದವರ ಮನೆ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳಾಚೆ ಹಾಳೆಗಂಬ ಎಂಬ ರಾಜ್ಯವಿತ್ತು. ಅಲ್ಲಿಯ ಜನ ರಾಜನಿಗಿಂತ ಹೆಚ್ಚಾಗಿ ಹೆದರುತ್ತಿದ್ದದ್ದು ಕರಿಗಂಠನೆಂಬ ಮಾಯಾವಿಗೆ. ಅವನ ಮನೆಯಲ್ಲಿ ಸಾವಿರ ಓಲೆಗರಿ ಪುಸ್ತಕಗಳಿದ್ದವು. ಮುಟ್ಟಿದರೆ ಬೆಚ್ಚಗಿರುತ್ತಿದ್ದವು. ಕೆಲವು ಕೆಮ್ಮುತ್ತಿದ್ದವು.

ಪುಸ್ತಕದ ಹುಚ್ಚಿನ ಬೊಪ್ಪಣ್ಣ ಆ ಮನೆಗೆ ಹೋಗಿ ಮೂರು ತಿಂಗಳಾದರೂ ಬರಲಿಲ್ಲ. ತಂಗಿ ಸೋಮಲೆಗೆ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅತ್ತಳು, ಬುತ್ತಿ ಕಟ್ಟಿಕೊಂಡಳು, ಹೊರಟಳು.

ನಡುಮಧ್ಯಾಹ್ನ. ಬಾಗಿಲು ತಾನಾಗಿಯೇ ತೆರೆಯಿತು. ಒಳಗೆ ಬಿಸಿಲು ಬಿದ್ದಿತ್ತು, ಆದರೆ ಯಾವುದಕ್ಕೂ ನೆರಳಿರಲಿಲ್ಲ. ಕರಿಗಂಠ ಮಣೆ ಹಾಕಿ, ಮಜ್ಜಿಗೆ ಕೊಟ್ಟು, ಮರ್ಯಾದೆಯಿಂದಲೇ ನಿಯಮ ಹೇಳಿದ. ಮೂರು ಪುಸ್ತಕ ಓದುತ್ತಾನಂತೆ. ಹಿಡಿಸಿದರೆ ಹೂಂ ಅನ್ನಬೇಕು, ಹಿಡಿಸದಿದ್ದರೆ ಸುಮ್ಮನಿರಬೇಕು. ಮೂರರಲ್ಲೂ ಅವಳು ನಿಜವಾಗಿ ನಡೆದುಕೊಂಡರೆ ಅಣ್ಣನನ್ನು ಬಿಡುತ್ತಾನೆ. ಒಂದು ಸುಳ್ಳು ಹೂಂ ಬಂದರೂ ಅವಳೂ ಓಲೆಗರಿಯಾಗುತ್ತಾಳೆ.

ಇಷ್ಟೇನಾ ಅನ್ನುತ್ತೀರಿ. ಅಯ್ಯೋ, ಅಷ್ಟು ದೊಡ್ಡ ಮನುಷ್ಯ ಎದುರಿಗೆ ಕೂತು ಓದುವಾಗ ಹೂಂಗುಟ್ಟದೆ ಇರುವುದು ಸುಲಭವೇ? ದಾಕ್ಷಿಣ್ಯಕ್ಕೆ ಬಸುರಾದರು ಅನ್ನುತ್ತಾರಲ್ಲ, ಓಲೆಗರಿಯಾಗಿ ಕೂತಿದ್ದ ಆ ಸಾವಿರ ಜನರದೂ ಅದೇ ಪಾಡು.

ಮೊದಲನೆಯದು ಪಂಡಿತರೆಲ್ಲ ತಲೆದೂಗಿದ ಮಹಾಕಾವ್ಯ. ಎದ್ದರೂ ಕುಂತರೂ ರಾಜನ ಹೊಗಳಿಕೆ. ಸೋಮಲೆಗೆ ಆಕಳಿಕೆ ಬಂತು, ಆಕಳಿಸಿದಳು.

ಎರಡನೆಯದು ಮದ್ದಿನ ಪುಸ್ತಕ. ಚೇಳು ಕಡಿದರೆ ಏನು, ಮಗುವಿನ ಹೊಟ್ಟೆ ಉಬ್ಬರಿಸಿದರೆ ಏನು, ಎಲ್ಲ ಸಾದಾ ಮಾತಿನಲ್ಲಿತ್ತು. ಬರೆದವರು ಎಷ್ಟು ಮಕ್ಕಳ ಪಕ್ಕ ನಿದ್ದೆಗೆಟ್ಟು ಕೂತಿದ್ದರೋ ಎಂದು ಅವಳ ಕರುಳು ಚುರುಕ್ ಅಂದಿತು. ಹೂಂ ಅಂದಳು. ಇದೂ ಒಂದು ಪುಸ್ತಕವೇ ಎಂದು ಅವನು ಕೆಣಕಿದ. ಒಬ್ಬರಿಗೆ ನಗಿಸುವುದು ಬೇಕು, ಒಬ್ಬರಿಗೆ ಹೆದರಿಸುವುದು ಬೇಕು, ಮಗು ಅಳುತ್ತಿರುವ ತಾಯಿಗೆ ಇದೇ ಬೇಕು ಎಂದಳು.

ಮೂರನೆಯ ಪುಸ್ತಕ ಅವನ ಕೈಯಲ್ಲಿ ಉಸಿರಾಡುತ್ತಿತ್ತು. ಅದು ಬೊಪ್ಪಣ್ಣನ ಕತೆ. ಬೊಪ್ಪಣ್ಣ ಎಂದೂ ಕೋಪಿಸಿಕೊಂಡವನಲ್ಲ, ಸುಳ್ಳಾಡಿದವನಲ್ಲ, ತಂಗಿಗೆ ಉಣಿಸದೆ ಉಂಡವನಲ್ಲ ಎಂದು ಅದರಲ್ಲಿತ್ತು. ಓದುತ್ತಿದ್ದವನು ಕರಿಗಂಠ, ದನಿ ಮಾತ್ರ ಗರಿಗಳೊಳಗಿಂದ ಬರುತ್ತಿತ್ತು, ಅಣ್ಣನದೇ ದನಿ. ಹೂಂ ಸೋಮಲೆಯ ನಾಲಿಗೆಯ ತುದಿಗೆ ಬಂತು. ಬಂದಷ್ಟಕ್ಕೇ ಅವಳ ಬೆರಳ ತುದಿ ಓಲೆಗರಿಯಂತೆ ಒಣಗಿ ಹಳದಿಯಾಯಿತು.

"ಅನ್ನು ಮಗಳೇ. ನಿನ್ನಣ್ಣನನ್ನು ಇಷ್ಟು ಹೊಗಳಿದ್ದೇನೆ. ಸುಮ್ಮನಿದ್ದರೆ ಅವನಿಗೆ ಅವಮಾನವಲ್ಲವೇ?" ಎಂದ ಕರಿಗಂಠ.

"ಇವನು ನನ್ನಣ್ಣ ಅಲ್ಲ, ಸ್ವಾಮಿ" ಎಂದಳು ಸೋಮಲೆ. "ನನ್ನಣ್ಣ ಮುಂಗೋಪಿ. ನನ್ನ ಪಾಲಿನ ಬೆಣ್ಣೆ ತಿಂದು ತಪ್ಪು ಬೆಕ್ಕಿನ ಮೇಲೆ ಹಾಕುತ್ತಿದ್ದ. ಅಮ್ಮ ಸತ್ತ ದಿನ ಒಂದು ಮಾತೂ ಆಡದೆ ನನಗೆ ಜಡೆ ಹಾಕಿದ, ಸೊಟ್ಟಗೆ. ಅದನ್ನು ಬರೆದಿದ್ದೀರಾ? ಅದಿಲ್ಲದ ಪುಸ್ತಕ ನನಗೆ ಹಿಡಿಸಲಿಲ್ಲ."

ಮೂಲೆಯಲ್ಲಿದ್ದ ಒಂದು ಪುಸ್ತಕ ಮೆಲ್ಲಗೆ, "ನನಗೂ ಹಿಡಿಸಿರಲಿಲ್ಲ, ಸ್ವಾಮಿ" ಎಂದಿತು. ಅದರ ಪಕ್ಕದ್ದೂ ಹಾಗೇ ಅಂದಿತು. ಸಾವಿರ ದನಿಗಳಾದವು. ದಾರಗಳು ಪಟಪಟ ಹರಿದವು, ಗರಿಗಳು ಮನುಷ್ಯರಾಗಿ ಎದ್ದು ನಿಂತವು. ಸುಳ್ಳು ಹೂಂ ತಿಂದೇ ಬದುಕಿದ್ದ ಕರಿಗಂಠ ಕುಗ್ಗುತ್ತ ಕುಗ್ಗುತ್ತ ಮಣೆಯ ಮೇಲೆ ಹಿಡಿ ಮಸಿಯಾದ.

ಜನ ತಂತಮ್ಮ ಮನೆ ಸೇರಿ, ಹಿಡಿಸಿದ್ದನ್ನು ಓದಿಕೊಂಡು, ಉಂಡುಟ್ಟು ಸುಖವಾಗಿದ್ದರು. ಬೊಪ್ಪಣ್ಣ ಮಾತ್ರ, ಬೆಣ್ಣೆಯ ವಿಷಯ ಅಷ್ಟು ಜನರ ಮುಂದೆಲ್ಲ ಹೇಳಬೇಕಿತ್ತೇನೇ ಎಂದು ಮನೆ ಮುಟ್ಟುವವರೆಗೂ ತಂಗಿಯನ್ನು ಬೈದ. ಸೋಮಲೆ ಕಣ್ಣೊರೆಸಿಕೊಳ್ಳುತ್ತ, ಒಂದು ಬೈಗುಳವನ್ನೂ ಬಿಡದೆ ಕೇಳುತ್ತ ನಡೆದಳು.