ಗಿಡ್ಡ ಹಗ್ಗದ ಬಲೂನು

ಅವನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆಕಾಶದ ಬಿಸಿಯನ್ನು ದೂರದಿಂದಲೇ ಅಳೆಯುವ ಉಪಕರಣ ಕಟ್ಟಿದವಳು ಅವಳು. ಅದನ್ನು ಮೇಲಕ್ಕೆ ಹೊತ್ತೊಯ್ಯುವ ಬಲೂನಿನ ಎಂಜಿನಿಯರ್ ಅವನು. ಅವಳ ಲೆಕ್ಕದಲ್ಲಿ ತನ್ನದು ವಿಜ್ಞಾನ, ಅವನದು ಲಾರಿ ಓಡಿಸುವ ಕೆಲಸ. ಮನಸ್ಸಿನಲ್ಲೇ ಅವನಿಗೆ ಗಾಳಿರಾಯ ಎಂದು ಹೆಸರಿಟ್ಟಿದ್ದಳು.

ಬಲೂನು ಹಾರಿಸುವ ಬೆಳಿಗ್ಗೆ ಬಯಲಿನಲ್ಲಿ, ಉಪಕರಣವನ್ನು ಬಲೂನಿಗೆ ತೂಗುಹಾಕುವ ಹಗ್ಗದ ವಿಚಾರಕ್ಕೆ ಜಗಳವಾಯಿತು.

"ಹಗ್ಗ ಉದ್ದ ಇರ್ಲಿ ಮೇಡಂ. ಬಲೂನು ಈಗ ಸೊರಗಿದ ಹಾಗೆ ಕಾಣುತ್ತೆ, ಮೇಲೆ ಹೋದ್ರೆ ಮನೆಯಷ್ಟು ಊದ್ಕೊಳ್ಳುತ್ತೆ."

"ಉದ್ದ ಆದ್ರೆ ನನ್ನ ಉಪಕರಣ ತೂಗಾಡುತ್ತೆ. ಅದು ಆಕಾಶ ನೋಡೋಕೆ ಹೋಗ್ತಿರೋದು, ಜೋಕಾಲಿ ಆಡೋಕಲ್ಲ."

"ನಿಮ್ಮಿಷ್ಟ."

ವಾದ ಮಾಡುವುದಕ್ಕೂ ಯೋಗ್ಯತೆ ಬೇಕು ಎಂದು ಅವಳು ಮೂಗು ಮುರಿದಳು. ಅವನು ಬಗ್ಗಿ ಹಗ್ಗ ಬಿಗಿಯುವಾಗ ಕತ್ತಿನ ಮೇಲೆ ಬಿದ್ದ ಎಳೆಬಿಸಿಲನ್ನು ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೇ ಸಿಡುಕಿದಳು. ಅವನು ತಲೆಯೆತ್ತಿ ಕಣ್ಣಲ್ಲೇ ನಕ್ಕ. ಆ ನಗು ಹಿಡಿಸಲಿಲ್ಲ ಎಂದು ಸಂಜೆ ಅಕ್ಕನಿಗೆ ಫೋನಿನಲ್ಲಿ ಎರಡೆರಡು ಸಲ ಹೇಳಿದಳು.

"ಅವನ ನಗುವಿನ ವಿಚಾರ ಬಿಟ್ಟು ನಿನ್ನ ಉಪಕರಣದ ವಿಚಾರ ಹೇಳೇ," ಅಂದಳು ಅಕ್ಕ.

ಈ ಪರೀಕ್ಷೆಯಲ್ಲಿ ಗೆದ್ದರೆ ಉಪಕರಣಕ್ಕೆ ಉಪಗ್ರಹದಲ್ಲಿ ಜಾಗ. ವರ್ಷಗಟ್ಟಲೆ ನಿದ್ದೆಗೆಟ್ಟದ್ದು ಅದಕ್ಕೇ. ಬಂದ ಅಂಕಿಗಳೋ ಬೆರಗು ಹುಟ್ಟಿಸುವಂತಿದ್ದವು: ಮೇಲಿನ ಆಕಾಶ ಎಲ್ಲರೂ ತಿಳಿದದ್ದಕ್ಕಿಂತ ಬಹಳ ಬೆಚ್ಚಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಸಂಸ್ಥೆಯ ನಿರ್ದೇಶಕರು. ಅವಳ ಬೆನ್ನು ತಟ್ಟಿ, ಪತ್ರಕರ್ತರನ್ನು ಕರೆಸಲು ಹೊರಟರು.

ಅವಳು ಮಾತ್ರ ಹಾರಾಟದ ಚಿತ್ರಗಳನ್ನು ನೋಡಿ ಕುಸಿದು ಕೂತಳು. ಊದಿಕೊಂಡ ಬಲೂನು ಉಪಕರಣದ ಕಣ್ಣಿಗೆ ಅಡ್ಡ ನಿಂತಿತ್ತು. ಅದು ಅಳೆದದ್ದು ಆಕಾಶದ ಬಿಸಿಯನ್ನಲ್ಲ, ಬಿಸಿಲಿಗೆ ಕಾದ ಬಲೂನಿನ ಬಿಸಿಯನ್ನು. ಮೇಲಿದ್ದಷ್ಟು ಹೊತ್ತೂ ಆ ಪೆದ್ದು ಉಪಕರಣ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಾಳಿರಾಯನ ಬಲೂನನ್ನೇ ನೋಡಿತ್ತು. ಕಟ್ಟಿದವಳ ಬುದ್ಧಿಯೇ ಅದಕ್ಕೂ ಬಂದಿದೆ ಎಂದು ಅವಳಿಗೆ ಅಸಹ್ಯವಾಯಿತು.

ಚಿತ್ರಗಳನ್ನು ಹಿಡಿದು ಅವಳೇ ನಿರ್ದೇಶಕರ ಕೋಣೆಗೆ ಹೋದಳು. ಅವರು ಅವನನ್ನೂ ಕರೆಸಿದರು.

"ಹಗ್ಗ ಗಿಡ್ಡ ಆಗಿದ್ದು ಯಾರಿಂದ? ಬಲೂನಿನವರ ತಪ್ಪಾದ್ರೆ ಉಪಕರಣಕ್ಕೆ ಇನ್ನೊಂದು ಅವಕಾಶ ಕೇಳ್ಬಹುದು. ನಿಮ್ಮದಾದ್ರೆ ಜಾಗ ಬೇರೆಯವರಿಗೆ ಹೋಗುತ್ತೆ."

ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿಬಿಟ್ಟ: "ನನ್ನದೇ ಸರ್. ಅಳತೆಯಲ್ಲಿ ಎಡವಿದೆ."

ಅವಳಿಗೆ ಪಿತ್ತ ನೆತ್ತಿಗೇರಿತು. ಸುಮ್ಮನಿದ್ದರೆ ಉಪಗ್ರಹ ತನ್ನದು, ಕೆಲಸ ಹೋಗುವುದು ಅವನದು. ತನ್ನನ್ನು ಭಿಕ್ಷೆಗೆ ಕೈಯೊಡ್ಡುವವಳು ಅಂದುಕೊಂಡನೇ ಈ ಮಹಾಶಯ?

"ಸುಳ್ಳು ಸರ್. ಇವರು ಉದ್ದ ಇರ್ಲಿ ಅಂದ್ರು. ಕೇಳದೆ ಗಿಡ್ಡ ಮಾಡಿಸಿದ್ದು ನಾನು."

ಜಾಗ ಹೋಯಿತು. ನಿರ್ದೇಶಕರು ಬೆನ್ನು ತಟ್ಟಿದ ಕೈಯಿಂದಲೇ ಬಾಗಿಲು ತೋರಿಸಿದರು. ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಅವನು ಬಂದು ಪಕ್ಕದಲ್ಲಿ ಕೂತ.

"ನನ್ನ ತಪ್ಪು ಕದಿಯೋಕೆ ನೀವ್ಯಾರು?"

"ಅದರಲ್ಲಿ ನನ್ನ ಪಾಲೂ ಇದೆ. ಬಯಲಲ್ಲಿ ಇನ್ನೊಂದ್ಸಲ ಹೇಳ್ಬೇಕಿತ್ತು. ಸೋತು ಬಂದು ಕೇಳ್ಲಿ ಅಂತ ಜಂಬಕ್ಕೆ ಸುಮ್ಮನಾದೆ."

"ಥೂ!"

"ಉಗೀರಿ, ಪರವಾಗಿಲ್ಲ. ಒಳಗೆ ನಿಮ್ಮ ಮುಖ ನೋಡಿದ ಮೇಲೆ ತಡೆಯೋಕಾಗ್ಲಿಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ಜಂಬ, ಇಷ್ಟು ಪೆದ್ದುತನ, ಎರಡೂ ಒಬ್ಬನಲ್ಲೇ! ತನಗೆ ಸರಿಸಾಟಿ ಇವನೊಬ್ಬನೇ ಅನ್ನಿಸಿ ಎದೆ ತುಂಬಿ ಬಂತು.

"ನಿಮ್ಮಂಥವರನ್ನ ಕಂಡ್ರೆ ನನಗೆ ತಾತ್ಸಾರ," ಅಂದಳು.

"ಎಷ್ಟು ದಿನ ಇರುತ್ತೆ ಅದು?"

"ಸಾಯೋವರೆಗೂ." ಮೂಗು ಒರೆಸಿಕೊಂಡು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ದಿನಾ ಎದುರಿಗೇ ಕೂತಿರ್ಬೇಕು ನೀವು. ದೂರದಿಂದ ತಾತ್ಸಾರ ಮಾಡೋಕೆ ನನಗೆ ಬರಲ್ಲ."