ಪ್ಲೆಂಟಿ ಆಫ್ ಟೈಮ್

ಖಾಜಾ ಹುಸೇನರ ಸರ್ವಿಸ್ ಮೋಟಾರು ಶಿರಸಿಯಿಂದ ಯಲ್ಲಾಪುರಕ್ಕೆ ಹೊರಡುತ್ತಿದ್ದುದು ಅವರ ಮನೆಯ ಜಗಲಿಯೆದುರಿನಿಂದಲೇ. ಜಗಲಿಯಲ್ಲಿ ಕೂತು ಟಿಕೀಟು ಹರಿಯುವವನು ಶಫಿ. ಬಿದಿರು ಪರದೆಯ ಒಳಗೆ, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಕೂತವಳು ಅವರ ಮಗಳು ಕುಬ್ರಾ.

ಜಂಗಲ್ ಖಾತೆಯಲ್ಲಿ ಗುಮಾಸ್ತನಾಗುವ ಆಸೆಗೆ ಶಫಿ ಇಂಗ್ಲಿಷ್ ಕಲಿಯುತ್ತಿದ್ದ. ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದ, ಕೇಳುವವರಿದ್ದರಲ್ಲ!

"ಜಸ್ಟ್ ಎ ಮಿನಿಟ್."

"ಹಂಗಂದ್ರೆ ಎಂತ, ಮಾಸ್ತರ್ರೇ?" ಪರದೆ ಕೇಳಿತು.

"ಒಂದು ನಿಮಿಷ ನಿಲ್ಲಿ ಅಂತ. ಇಂಗ್ಲಿಷ್ ದೊರೆಗಳು ಹಾಗನ್ನೋದು."

"ನಿಮಿಷ ಆದಮೇಲೆ ದೊರೆ ಬರ್ತಾನಾ?"

"ಬರೋದು ಬಿಡೋದು ಅವನ ಮರ್ಜಿ. ಮರ್ಯಾದೆಗೆ ಹಾಗನ್ನೋದು."

"ನಮ್ಮಲ್ಲಿ ಅದಕ್ಕೆ ಸುಳ್ಳು ಅಂತಾರೆ."

ಬಿದಿರು ಕಡ್ಡಿಗಳ ಸಂದಿಯಲ್ಲಿ ಸುರ್ಮಾ ಹಚ್ಚಿದ ಒಂದೇ ಒಂದು ಕಣ್ಣು ಕಾಣುತ್ತಿತ್ತು. ಆ ಕಣ್ಣು ನಕ್ಕ ದಿನ ನಡುದಾರಿಯ ಮಂಚಿಕೇರಿಯಲ್ಲಿ ಇಳಿಯುವವರ ಕೈಗೆ ಯಲ್ಲಾಪುರದ ಟಿಕೀಟು ಬರುತ್ತಿತ್ತು.

'ಸೂನರ್ ಆರ್ ಲೇಟರ್' ಎಂದರೆ ಇವತ್ತಲ್ಲ ನಾಳೆ. 'ಎನಿ ಡೇ ನೌ' ಎಂದರೆ ಇನ್ನೇನು ಬಂದೇಬಿಟ್ಟಿತು. ರೊಟ್ಟಿ ತಟ್ಟುತ್ತ ಕುಬ್ರಾ ಅವನ್ನೇ ಗುನುಗುವಳು. ಒಂದಕ್ಕಿಂತ ಒಂದು ಚಂದದ ಮಾತು. ಒಂದಕ್ಕೂ ವಾರವಿಲ್ಲ, ತಾರೀಖಿಲ್ಲ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಒಂದು ದಿನ ಪರದೆ ನಗಲಿಲ್ಲ.

"ಯಲ್ಲಾಪುರದ ಅಲ್ಲಾವುದ್ದೀನ್ ಮನೆಯವರು ನನ್ನ ವಿಚಾರಿಸ್ತಿದ್ದಾರಂತೆ. ಹೆಣ್ಣು ಕೇಳೋಕೆ ನೀನೇ ಬರುವ ಹಾಗಿಲ್ಲ. ನಿನ್ನ ಅಕ್ಕ ಆಯಿಷಾ ಆಪಾ ಕೈಲಿ ಸಕ್ಕರೆ ಕೊಟ್ಟು ಕಳಿಸು."

"ನೌಕರಿ ಆಗಲಿ ಕುಬ್ರಾ. ಟಿಕೀಟು ಹರಿಯೋನಿಗೆ ನಿಮ್ಮ ಅಬ್ಬಾ ಹೆಣ್ಣು ಕೊಡ್ತಾರಾ?"

"ಅಷ್ಟರಲ್ಲಿ ಅವರು ಬಂದರೆ?"

"ಹುಚ್ಚಿ, ಇನ್ನೇನು ಮೊಹರಂ ಬಂತು. ಆ ತಿಂಗಳು ಯಾರು ಮದುವೆ ಮಾತೆತ್ತುತ್ತಾರೆ? ಪ್ಲೆಂಟಿ ಆಫ್ ಟೈಮ್!"

ಅರ್ಥ ಕೇಳಲು ಅವಳಿಗೆ ಮನಸ್ಸಾಗಲಿಲ್ಲ.

ಮೊಹರಂ ಹಿಂದಿನ ತಿಂಗಳ ಕೊನೆಯ ಮಧ್ಯಾಹ್ನ, ಯಲ್ಲಾಪುರದ ಮೋಟಾರಿನಿಂದ ಅಲ್ಲಾವುದ್ದೀನನ ತಾಯಿ ಇಳಿದಳು. ಮುದುಕಿಯ ಕೈಯ ಸಕ್ಕರೆ ತಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದವನು ಶಫಿಯೇ.

"ಸಂಜೆ ಮೊಹರಂ ಚಂದ್ರ ಕಂಡರೆ ಮತ್ತೆ ಬಾಯಿಬಿಡೋ ಹಾಗಿಲ್ಲ ನೋಡಿ ಹುಸೇನ್ ಸಾಹೇಬರೇ," ಅಂದಳು ಮುದುಕಿ, "ಅದಕ್ಕೇ ಬಿದ್ದೆನೋ ಎದ್ದೆನೋ ಅಂತ ಓಡಿಬಂದೆ."

ಹಗಲಿರುವಾಗಲೇ ಮಾತು ಮುಗಿಯಿತು. ತಾಯಿ ರಹಿಮತ್ಬಿ ಮಗಳ ಬಾಯಿಗೆ ಸಕ್ಕರೆ ಹಾಕಿದಳು. ಅದು ಕರಗುವವರೆಗೂ ಕುಬ್ರಾ ಪರದೆಯ ಕಡೆ ನೋಡುತ್ತಿದ್ದಳು.

ಮರುದಿನ ಬೆಳಗ್ಗೆ ಅವಳು ಪರದೆಯನ್ನೇ ಎತ್ತಿ ಹಿಡಿದು ನಿಂತಳು. ಶಫಿ ಅವಳ ಪೂರ್ತಿ ಮುಖ ಕಂಡದ್ದು ಅದೇ ಮೊದಲು.

"ಅಬ್ಬಾ ಒಳಗೆ ಚಾ ಕುಡೀತಿದ್ದಾರೆ. ಈಗಲೇ ಬಂದು ಹೇಳು. ಬೈದರೆ ಇಬ್ಬರಿಗೂ ಬೈಯಲಿ, ನಿನ್ನ ಪಕ್ಕದಲ್ಲೇ ನಿಲ್ತೀನಿ."

ಶಫಿ ಎದ್ದ. ಮೋಟಾರು ಹಾರನ್ ಹೊಡೆಯಿತು. ಅವನು ಅತ್ತ ನೋಡಿದ, ಇತ್ತ ನೋಡಿದ.

"ಜನ ಕಾಯ್ತಿದ್ದಾರೆ... ಗಾಡಿ ಹೊರಟುಬಿಡಲಿ, ಕುಬ್ರಾ."

ಗಾಡಿ ಹೊರಟಿತು. ಧೂಳೂ ಕೂತಿತು. ಅಬ್ಬಾ ಚಾ ಮುಗಿಸಿ, ಟೋಪಿ ಹಾಕಿಕೊಂಡು, ಅವನ ಎದುರಿನಿಂದಲೇ ಪೇಟೆಗೆ ನಡೆದರು. ಶಫಿ ಮುಂದಿನ ಗಾಡಿಯ ಟಿಕೀಟು ಜೋಡಿಸುತ್ತಿದ್ದ.

ಮೊಹರಂ ಕಳೆದು, ಅದರ ಮುಂದಿನ ಸಫರ್ ತಿಂಗಳೂ ಕಳೆದು ನಿಕಾಹ್ ನಡೆಯಿತು. ಒಪ್ಪಿಗೆ ಕೇಳಲು ಹೆಣ್ಣಿನ ಪರವಾಗಿ ಮಾತಾಡುವ ವಕೀಲನೂ ಸಾಕ್ಷಿಗಳೂ ಹೆಂಗಸರ ಕೋಣೆಯ ಬಾಗಿಲಿಗೆ ಬಂದರು. ಹುಡುಗಿಯಾದವಳು ಒಮ್ಮೆಗೇ ಬಾಯಿಬಿಡುವುದು ಚಂದವಲ್ಲ. ತಲೆ ತಗ್ಗಿಸಬೇಕು, ಅಳಬೇಕು, ಮುತ್ತೈದೆಯರು ಬೆನ್ನು ಸವರಬೇಕು. ಮೂರನೇ ಸಲಕ್ಕೆ ಕಿವಿಗೆ ಬಿದ್ದೂ ಬೀಳದ ಹಾಗೆ ಹ್ಞೂಂ ಅನ್ನಬೇಕು.

ಬಾಗಿಲಾಚೆ ಶರಬತ್ತಿನ ಹರಿವಾಣ ಹಿಡಿದ ಒಬ್ಬನ ಕಾಲು ನಡೆಯುವುದನ್ನು ಮರೆತು ನಿಂತಿತ್ತು. ಯಾರ ಕಾಲೆಂದು ಕುಬ್ರಾಗೆ ಗೊತ್ತಿತ್ತು. ಅವಳ ಮೌನ ಎಷ್ಟು ಹೊತ್ತು ಇದ್ದೀತೆಂದು ಅದು ಕಾಯುತ್ತಿತ್ತು.

ವಕೀಲ ಮೊದಲ ಸಲ ಕೇಳಿ ಇನ್ನೂ ಉಸಿರೆಳೆದುಕೊಂಡಿರಲಿಲ್ಲ.

"ಖಬೂಲ್," ಅಂದಳು ಕುಬ್ರಾ, ಜಗಲಿಗೂ ಕೇಳುವಷ್ಟು ಗಟ್ಟಿಯಾಗಿ.

"ಯಾ ಅಲ್ಲಾ, ಎಂಥ ಅವಸರ ಈ ಹುಡುಗಿಗೆ!" ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು.