ಮರ್ಗಿಲಾನಿನ ಕೆಂಪು ಕಾಲುವೆ

ಎರಡು ತಿಂಗಳಿಂದ ತಿಳಿಯಾಗಿ ಹರಿಯುತ್ತಿದ್ದ ಮರ್ಗಿಲಾನ್ ಊರಿನ ಕಾಲುವೆ ಅಂದು ಮಧ್ಯಾಹ್ನ ಮತ್ತೆ ಕೆಂಪಾಯಿತು. ತಪ್ಪು ಬಣ್ಣದ ಮೇಸ್ತ್ರಿ ತುರ್ಸುನ್ ಉಸ್ತಾ ಅವರದ್ದಾದರೆ ಅವರ ರೇಷ್ಮೆಗೆ ಬಣ್ಣ ಹಾಕುವ ಮನೆಗೆ ನಾಳೆಯೇ ಬೀಗ.

ಪೊಲೀಸ್ ಕ್ಯಾಪ್ಟನ್ ಮುಕರ್ರಮ್ ಬಂದಾಗ ಅಂಗಳದಲ್ಲಿ ಜಗಳ ಕಾವೇರಿತ್ತು.

"ಉಸ್ತಾ ಕದ್ದು ತೊಟ್ಟಿಗೆ ಹೆಚ್ಚು ಬಣ್ಣ ಸುರಿದಿದ್ದಾರೆ ಅಕ್ಕ. ನನ್ನ ದುಡಿಮೆಯೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು," ಎಂದಳು ರಸಾಯನಶಾಸ್ತ್ರ ಓದಿದ ನಫೀಸಾ.

"ನಿನ್ನ ಗಾಜು ಕೈಕೊಟ್ಟರೆ ನನ್ನ ತಲೆಗೆ ಕಟ್ತೀಯಾ ಮಗಳೇ?" ಎಂದರು ಉಸ್ತಾ.

ಎರಡು ತಿಂಗಳ ಹಿಂದೆ ಅಂಗಳದಲ್ಲಿ ಇಳಿಜಾರಾಗಿ ಜೋಡಿಸಿದ ಆ ಗಾಜಿನ ಹಲಗೆಗಳ ಮೇಲೆ ನಫೀಸಾ ಬಳಿದ ಬಿಳಿ ಲೇಪವಿತ್ತು. ಬಿಸಿಲು ಬಿದ್ದರೆ ಸಾಕು, ತೊಟ್ಟಿಯಿಂದ ಮೇಲೆ ಹರಿದು ಕಾಲುವೆ ಸೇರುವ ನೀರಿನ ಬಣ್ಣವನ್ನು ಅದು ಒಡೆದುಹಾಕುತ್ತಿತ್ತು.

ಮುಕರ್ರಮ್ ನಫೀಸಾಗೆ ತೊಟ್ಟಿಯ ನೀರು ತೋರಿಸಿದಳು. "ಬಣ್ಣ ಎಂದಿಗಿಂತ ಗಾಢವಾಗಿದೆಯಾ?"

"ಇಲ್ಲ. ಎಂದಿನಷ್ಟೇ."

"ಅಂದ್ರೆ ಉಸ್ತಾ ಏನೂ ಸುರಿದಿಲ್ಲ. ಲೇಪ ಕಿತ್ತುಹೋಗಿದೆಯಾ?"

"ಅದೂ ಇಲ್ಲ. ಬೆಳ್ಳಗೇ ಇದೆ."

ಅಷ್ಟರಲ್ಲಿ ಮನೆಯ ಬೆಕ್ಕು ಮೇಲಿನ ಹಲಗೆಯ ಅಂಚು ನೆಕ್ಕತೊಡಗಿತು. ಮುಕರ್ರಮ್ ಬಗ್ಗಿ ಮೂಸಿದಳು. ಹುಳಿ ವಾಸನೆ.

\* \* \*

ಉಸ್ತಾ ಅವರ ತಾಯಿ, ಎಲ್ಲರಿಗೂ ಅಜ್ಜಿಯಾದ ಹೋಜರ್ ಬುವಿ, ಹಸುವಿಗೆ ಹುಲ್ಲು ಹಾಕುತ್ತಿದ್ದರು.

"ಬುವಿ, ಬೆಳಗಿನ ಹಾಲು ಏನಾಯ್ತು?"

"ಹಾವಿನ ಮೇಲೆ ಸುರಿದೆ. ಮನೆಗೆ ಬಂದ ಹಾವನ್ನ ಹೊಡೀತಾರೇನಮ್ಮ? ಬಿಳಿಯದು ಸುರಿದು ಕಳಿಸಬೇಕು. ಗಾಜಿನ ಮೇಲೆ ಹಾಯಾಗಿ ಮಲಗಿತ್ತು ಮಹರಾಯ. ಒಂದು ಬಟ್ಟಲಿಗೆ ಜಗ್ಗಲಿಲ್ಲ, ಮೇಲಿಂದ ಇಡೀ ಬಕೆಟ್ಟೇ ಸುರಿದೆ."

ಮುಕರ್ರಮ್ ನಕ್ಕಳು. "ನೀರು ಬಿಡೋ ಹೊತ್ತಿಗೆ ಹಾಲು ಬಿಸಿಲಿಗೆ ಒಣಗಿ ಅಂಟಿಕೊಂಡಿತ್ತು. ಬಿಳಿ ಮೇಲೆ ಬಿಳಿ, ಯಾರಿಗೂ ಕಾಣಲಿಲ್ಲ. ಜಿಡ್ಡಿನ ಪೊರೆ ದಾಟಿ ಬಣ್ಣದ ನೀರು ಲೇಪಕ್ಕೆ ತಾಗಲೇ ಇಲ್ಲ."

ಎಲ್ಲರೂ ಸೇರಿ ಸೋಡಾಪುಡಿಯ ಬಿಸಿನೀರಿನಲ್ಲಿ ಹಲಗೆ ತೊಳೆದರು. ಬಿಸಿಲು ಇಳಿಯುವ ಮೊದಲೇ ನೀರು ತಿಳಿಯಾಯಿತು. ನಫೀಸಾ ಉಸ್ತಾ ಅವರ ಕ್ಷಮೆ ಕೇಳಿದಳು. ಬೀಗದ ಮಾತು ಅಲ್ಲಿಗೆ ಮುಗಿಯಿತು.

ಬುವಿಯ ಮುಖ ಮಾತ್ರ ಬಾಡಿತ್ತು. "ಉಪಕಾರ ಮಾಡಿದವಳಿಗೇ ಕೇಡು ಮಾಡಿಬಿಟ್ಟೆನಲ್ಲ."

"ಈ ಹಾವು ಮೊದಲೂ ಬರ್ತಿತ್ತಾ ಬುವಿ?" ನಫೀಸಾ ಕೇಳಿದಳು.

"ಎಲ್ಲಿಂದ ಬರುತ್ತೆ? ನಾನು ಸೊಸೆಯಾಗಿ ಬಂದಾಗಿಂದ ಈ ಕಾಲುವೇಲಿ ಕಪ್ಪೆ ಬದುಕಿದ್ದೇ ಕಾಣೆ. ಕಪ್ಪೆಯಿಲ್ಲದ ಕಡೆ ಹಾವಿಗೇನು ಕೆಲಸ? ಈಗ ನೀರು ತಿಳಿಯಾದ ಮೇಲೆ ದಿನಾ ವಟಗುಟ್ಟುತ್ತವೆ. ಮಲಗಿ ಕೇಳ್ತಾ ನಿನ್ನ ಹೆಸರು ಹೇಳಿ ದುವಾ ಮಾಡ್ತೀನಿ."

ನಫೀಸಾ ಬುವಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.